ಕೊರಳಲ್ಲಿ ಏನೂ ಇರಕೂಡದು

ದ್ವೀಪದ ರೆಸಾರ್ಟಿಗೆ ಬಂದವರು ನನ್ನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ, ನೀವು ಡೈವಿಂಗ್ ಕಲಿತದ್ದು ಯಾವ ಸಮುದ್ರದಲ್ಲಿ ಎಂದು. ವಿಜಯನಗರದಲ್ಲಿ ಎನ್ನುತ್ತಿದ್ದೆ. ಕರ್ನಾಟಕ ಬಲ್ಲವರು ಹಂಪಿಯ ಕಡೆಯೇ ಎಂದು ಕೇಳುತ್ತಿದ್ದರು. ಅಲ್ಲ, ಬೆಂಗಳೂರಿನ ವಿಜಯನಗರ, ಬಸ್ಸಿಳಿದು ನಾಗರಬಾವಿ ಕಡೆಗೆ ಸ್ವಲ್ಪ ದೂರ ನಡೆಯಬೇಕು ಎಂದರೆ ನಕ್ಕುಬಿಡುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರ ಎಣಿಕೆ. ನಾನು ನಿಜವನ್ನೇ ಹೇಳುತ್ತಿದ್ದೆ.

ಮದುವೆಯಾದ ಮೇಲೆ ಗಂಡನ ಕೆಲಸದ ಬೆನ್ನು ಹತ್ತಿ ಹೋದ ದ್ವೀಪ ಅದು. ವಾರಕ್ಕೆರಡು ಸಲ ಬೋಟು, ಮಳೆಗಾಲದಲ್ಲಿ ಅದೂ ಇಲ್ಲ. ಅಲ್ಲಿ ರೆಸಾರ್ಟಿನವರು ಡೈವ್ ಸೆಂಟರ್ ತೆರೆದು ಮ್ಯಾನೇಜರ್ ಹುಡುಕುತ್ತಿದ್ದಾಗ ನಾನೂ ಹೋಗಿ ಕೂತೆ. ಹಿಂದೆ ಇಂಥ ಕೆಲಸ ಮಾಡಿದ್ದೀರಾ ಎಂದು ಕೇಳಿದರು. ಮಾಡಿದ್ದೇನೆ, ನಮ್ಮಪ್ಪನ ಬಾವಿಯಲ್ಲಿ, ಎಂದೆ. ಕೇಳಿದವರು ಪೆನ್ನು ಕೆಳಗಿಟ್ಟರು. ಸಿಲಿಂಡರ್ ತುಂಬಿಸುವುದು, ರಬ್ಬರ್ ಉಡುಪು ತೊಳೆಸಿ ಒಣಹಾಕಿಸುವುದು, ಬೋಟಿನವನ ಜೊತೆ ದಿನಾ ಜಗಳವಾಡುವುದು, ಇವನ್ನೆಲ್ಲ ಯಾರಾದರೂ ಆರು ತಿಂಗಳಲ್ಲಿ ಕಲಿಯಬಹುದು. ನೀರಿಗಿಳಿದವರಷ್ಟೂ ಮೇಲೆ ಬಂದರೇ ಎಂದು ನೋಡುವುದೊಂದೇ ನಿಜವಾದ ಕೆಲಸ. ಅದನ್ನು ನಾನು ಹದಿನೇಳನೆಯ ವಯಸ್ಸಿಗೇ ಶುರು ಮಾಡಿದ್ದೆ.

ನನ್ನ ಡೈವ್ ಸೆಂಟರಿನ ಬಾಗಿಲಿನ ಪಕ್ಕ ಒಂದು ಬೋರ್ಡಿತ್ತು. ಅದರಲ್ಲಿ ಎರಡು ಸಾಲು. ಕೊರಳಲ್ಲಿ ಏನೂ ಇರಕೂಡದು, ಇದು ಮೊದಲನೆಯದು. ಇದ್ದರೆ ಮ್ಯಾನೇಜರಿಗೆ ಹೇಳಿ, ಇದು ಎರಡನೆಯದು. ಎರಡನೆಯ ಸಾಲು ಯಾಕೆ, ತೆಗೆಸಿ, ಎಂದು ಆಫೀಸಿನಿಂದ ಬಂದವರೆಲ್ಲ ಹೇಳಿದರು. ನಾನಿರುವ ತನಕ ತೆಗೆಸಲಿಲ್ಲ. ಆ ಸಾಲಿನ ಕಥೆ ಎಪ್ಪತ್ತರ ದಶಕದ್ದು.

ಈಗ ಚಂದ್ರಾ ಲೇಔಟಿನ ಮನೆಗಳು ಒತ್ತಿಕೊಂಡು ನಿಂತಿರುವ ಕಡೆ ಆಗ ನಮ್ಮ ಹೊಲವಿತ್ತು, ಹೊಲದ ನಡುವೆ ಬಾವಿ. ಕಲ್ಲು ಕಟ್ಟಿದ ಚೌಕದ ಬಾವಿ. ಒಂದು ಮೂಲೆಯಲ್ಲಿ ನೀರಿನ ತನಕ ಇಳಿಯುವ ಮೆಟ್ಟಿಲು, ಎದುರು ಮೂಲೆಯ ಮೇಲೆ ಪಂಪ್‌ಹೌಸ್. ಅಪ್ಪ ಬದನೆ, ಹುರುಳಿಕಾಯಿ, ಸೊಪ್ಪು ಬೆಳೆಯುತ್ತಿದ್ದರು. ವಿಜಯನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿಕೊಂಡವರು ಹೊಸದಾಗಿ ಬಂದು ಸೇರುತ್ತಿದ್ದ ಕಾಲ. ಆ ಮನೆಗಳ ಹುಡುಗರು ಮಧ್ಯಾಹ್ನ ಕದ್ದು ಬಂದು ನಮ್ಮ ಬಾವಿಗೆ ಹಾರುತ್ತಿದ್ದರು. ಅಪ್ಪ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುವುದು, ಅವರು ಬದನೆ ಮಡಿ ತುಳಿದುಕೊಂಡು ಓಡುವುದು, ಮಾರನೆಯ ದಿನ ಮತ್ತೆ ಅದೇ.

ಒಂದು ದಿನ ಅಪ್ಪನಿಗೆ ಸಾಕಾಯಿತು. ಓಡುತ್ತಿದ್ದವರನ್ನು ನಿಲ್ಲಿಸಿ, "ನಮ್ ಬಾವೀಲಿ ಬಿದ್ದು ಸತ್ತು ನನ್ನ ತಲೆಗೆ ತರೋ ಬದ್ಲು ನೆಟ್ಟಗೆ ಈಜು ಕಲ್ತ್ಕೊಳ್ರೋ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ" ಎಂದರು. ಮಾರನೆಯ ಬೆಳಿಗ್ಗೆ ಹನ್ನೊಂದು ಜನ ಬಂದರು. ಬಿನ್ನಿಪೇಟೆಯ ಮಿಲ್ಲಿನ ಸೈರನ್ನು ಆ ಹೊತ್ತಿನಲ್ಲಿ ನಮ್ಮ ಹೊಲದ ತನಕ ಕೇಳುತ್ತಿತ್ತು, ಅದೇ ನಮ್ಮ ಗಂಟೆ. ಸೊಂಟಕ್ಕೆ ಎರಡು ಒಣ ಸೋರೆ ಬುರುಡೆ ಕಟ್ಟುವುದು, ಅದಕ್ಕೊಂದು ಹಗ್ಗ, ಹಗ್ಗದ ತುದಿ ಅಪ್ಪನ ಕೈಯಲ್ಲಿ. ಬುರುಡೆಯಿಲ್ಲದೆ ಬಾವಿಯನ್ನು ಅಡ್ಡ ದಾಟಿದ ದಿನ ಅಪ್ಪನಿಗೆ ಒಂದು ತೆಂಗಿನಕಾಯಿ ತಂದು ಕೊಡಬೇಕು. ಕಾಯಿ ಒಡೆದು ಎಲ್ಲರಿಗೂ ಹಂಚಿದರೆ ಪಾಸಾದಂತೆ.

ನನಗೂ ಈಜು ಬರುತ್ತಿತ್ತು. ಐದನೆಯ ವಯಸ್ಸಿನಿಂದ ಅದೇ ಬಾವಿಯಲ್ಲಿ ಬಿದ್ದು ಎದ್ದವಳು ನಾನು, ತಳ ಮುಟ್ಟಿ ಹಿಡಿ ಮಣ್ಣು ತರುತ್ತಿದ್ದೆ. ಆದರೆ ನಾನು ದೊಡ್ಡವಳಾದ ದಿನವೇ ಅಜ್ಜಿ ಬಾವಿಗೆ ಬೀಗ ಹಾಕಿದಳು. ಬೀಗವೆಂದರೆ ಬಾಯಿಮಾತಿನ ಬೀಗ, ಅದು ಕಬ್ಬಿಣದ್ದಕ್ಕಿಂತ ಗಟ್ಟಿ. ಹೆಣ್ಣು ಹುಡುಗಿ ಇನ್ನು ನೀರಿಗಿಳಿಯುವ ಹಾಗಿಲ್ಲ ಎಂದಳು, ಮುಗಿಯಿತು. ನೀರಿಗಿಳಿಯುವ ಹಾಗಿಲ್ಲ ಎಂದಳೇ ಹೊರತು ಬಾವಿಯ ಮೇಲೆ ಕೂರುವ ಹಾಗಿಲ್ಲ ಎನ್ನಲಿಲ್ಲ. ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತೆ. ಕೂತವಳು ಸುಮ್ಮನಿರಲಿಲ್ಲ. ಬುರುಡೆ ಕಟ್ಟುವುದು, ಹಗ್ಗ ನೋಡುವುದು, ಯಾರ ಸರದಿ ಎಂದು ಕೂಗುವುದು, ತಳ್ಳಾಡಿದವನನ್ನು ಬಯ್ಯುವುದು, ಎಲ್ಲ ನನ್ನದೇ. ಅಪ್ಪನಿಗೆ ಮಾತು ಕಡಿಮೆ, ಆ ಕೊರತೆಯನ್ನು ನಾನು ಬಡ್ಡಿ ಸಮೇತ ತುಂಬಿಕೊಟ್ಟೆ. ಹುಡುಗರು ನನಗೆ ಮ್ಯಾನೇಜರಮ್ಮ ಎಂದು ಹೆಸರಿಟ್ಟರು. ಅಣಕಿಸಲು ಇಟ್ಟದ್ದು, ನನಗೆ ಖುಷಿಯೇ ಆಯಿತು.

ನನ್ನ ಕಾನೂನು ಎರಡೇ. ಮೊದಲನೆಯದು ಚಪ್ಪಲಿ. ಇಳಿಯುವವನು ತನ್ನ ಚಪ್ಪಲಿಯನ್ನು ಮೇಲಿನ ಮೆಟ್ಟಿಲಿನ ಮೇಲೆ ಬಿಟ್ಟು ಇಳಿಯಬೇಕು. ಮೇಲೆ ಬಂದವನು ಮೊದಲು ಚಪ್ಪಲಿ ಮೆಟ್ಟಬೇಕು, ಆಮೇಲೆ ಮೈ ಒರೆಸಿಕೊಳ್ಳಬೇಕು. ಬರಿಗಾಲಲ್ಲಿ ಬಂದವನಿಗೆ ಅಜ್ಜನ ಹಳೆಯ ಎಕ್ಕಡ ನಾನೇ ಕೊಡುತ್ತಿದ್ದೆ. ಮೆಟ್ಟಿಲ ಮೇಲೆ ಎಷ್ಟು ಜೊತೆಯೋ ನೀರಿನಲ್ಲಿ ಅಷ್ಟು ತಲೆ, ಮೆಟ್ಟಿಲು ಖಾಲಿಯಾದ ಮೇಲೆಯೇ ನಾನು ಮನೆಗೆ ಹೋಗಿ ಕಾಫಿ ಕುಡಿಯುವುದು. ಮುಂದೆ ದ್ವೀಪದಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಮೊಳೆಗೆ ನೇತುಹಾಕುವ ಪದ್ಧತಿ ತೋರಿಸಿ, ಇದು ಬಹಳ ವೈಜ್ಞಾನಿಕ ಮೇಡಂ ಎಂದರು. ಚಪ್ಪಲಿಯಷ್ಟು ಒಳ್ಳೆಯದಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಬಿಲ್ಲೆ ಮರೆತು ರೂಮಿಗೆ ಹೋದವರುಂಟು, ಸುಡುವ ಕಲ್ಲಿನ ಮೇಲೆ ಚಪ್ಪಲಿ ಮರೆತು ಹೋದವರನ್ನು ನಾನು ಕಾಣೆ.

ಎರಡನೆಯ ಕಾನೂನು ಕೊರಳಿನದು. ಒಮ್ಮೆ ಒಬ್ಬ ಹುಡುಗನ ತಾಯಿತದ ದಾರ ಬುರುಡೆಯ ಹಗ್ಗಕ್ಕೆ ಸುತ್ತಿಕೊಂಡು, ಅವನು ಕಣ್ಣು ಕಣ್ಣು ಬಿಡುವಂತಾಗಿ, ಅಪ್ಪ ಹಾರಿ ಕುಡುಗೋಲಿನಿಂದ ದಾರ ಕತ್ತರಿಸಿದ್ದರು. ಅವತ್ತೇ ನಾನು ಸೀಮೆಸುಣ್ಣ ತಗೊಂಡು ಪಂಪ್‌ಹೌಸಿನ ಬಾಗಿಲ ಮೇಲೆ ಬರೆದೆ, ಕೊರಳಲ್ಲಿ ಏನೂ ಇರಕೂಡದು. ಸರ ಇದ್ದವರು ಬಿಚ್ಚಿ ಚಪ್ಪಲಿಯೊಳಗೆ ಇಡುತ್ತಿದ್ದರು. ಜನಿವಾರದ ಹುಡುಗರು ಅದನ್ನು ಸೊಂಟಕ್ಕೆ ಇಳಿಸಿ ಸುತ್ತಿಕೊಳ್ಳುತ್ತಿದ್ದರು. ಎರಡು ಬೇಸಿಗೆ ಯಾರ ತಕರಾರೂ ಇಲ್ಲದೆ ನಡೆಯಿತು.

ಮೂರನೆಯ ಬೇಸಿಗೆಗೆ ಸಾಹೇಬರು ಬಂದರು. ಧಾರವಾಡದ ಕಡೆಯವರು, ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು, ವಿಜಯನಗರದಲ್ಲಿ ಬಾಡಿಗೆ ಮನೆ. ವಯಸ್ಸು ಐವತ್ತು. ಮಗನನ್ನು ಸೇರಿಸಲು ಬಂದಿರಬೇಕೆಂದು, "ಹುಡುಗ ಎಲ್ಲಿ ಸಾರ್?" ಎಂದು ಕೇಳಿದೆ.

"ಹುಡುಗ ನಾನ ತಂಗಿ" ಎಂದರು.

ಅವರ ಊರಿನ ಪಕ್ಕದಲ್ಲೇ ಹೊಳೆಯಂತೆ. ಊರಿನ ಮಕ್ಕಳೆಲ್ಲ ಅದರಲ್ಲಿ ಬಿದ್ದು ಹೊರಳಿದವರೇ. ಇವರೊಬ್ಬರೇ ಮಗ ಎಂದು ತಾಯಿ ದಂಡೆಗೂ ಬಿಡುತ್ತಿರಲಿಲ್ಲ. ದೊಡ್ಡವರಾದ ಮೇಲೆ ನಾಚಿಕೆ. ತಾಯಿ ತೀರಿಕೊಂಡು ವರ್ಷವಾಗಿತ್ತು. ಇದನ್ನೆಲ್ಲ ಅವರು ಸೊಂಟಕ್ಕೆ ಬುರುಡೆ ಕಟ್ಟಿಸಿಕೊಳ್ಳುತ್ತ ನನಗೆ ಹೇಳಿದರು. ನನಗೆ ಅವರು ಆ ಕ್ಷಣವೇ ಇಷ್ಟವಾದರು, ಆದರೂ ಮುಖ ಗಂಟಿಕ್ಕಿಕೊಂಡೇ ಇದ್ದೆ. ಮ್ಯಾನೇಜರ್ ಎಂದ ಮೇಲೆ ಹಾಗಿರಬೇಕೆಂದು ನನ್ನ ನಂಬಿಕೆ.

ಅವರ ಕೊರಳಲ್ಲಿ ದಾರ, ದಾರದಲ್ಲಿ ನಿಂಬೆಹಣ್ಣಿನ ಗಾತ್ರದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನಾನು ಬಾಗಿಲಿನ ಬರಹ ತೋರಿಸಿದೆ. ಅವರು ಓದಿ, "ಇದನ್ನ ತೆಗೆಯಂಗಿಲ್ಲ ತಂಗಿ. ಹುಟ್ಟಿದಾಗ ಕಟ್ಟಿದ್ದು" ಎಂದರು. ಅದನ್ನು ಚಪ್ಪಲಿಯೊಳಗೆ ಇಡಿ ಎನ್ನುವಷ್ಟು ಬುದ್ಧಿಗೇಡಿ ನಾನಾಗಿರಲಿಲ್ಲ. ಅಪ್ಪ ನನ್ನ ಕಡೆ ನೋಡಿ, ಬಿಡು ಎಂಬಂತೆ ಕೈಯಾಡಿಸಿದರು. ಬುರುಡೆ ಕಟ್ಟಿಕೊಂಡು, ತಲೆ ಮೇಲಿಟ್ಟು ಕೈಕಾಲು ಬಡಿಯುವವರಿಗೆ ಏನು ತೊಂದರೆ ಎಂದು ಅವರ ಲೆಕ್ಕ. ನಾನೂ ಬಿಟ್ಟೆ.

ಮೂರು ವಾರ ಸಾಹೇಬರು ದಿನವೂ ಆರಕ್ಕೆ ಸರಿಯಾಗಿ ಬಂದರು. ನಮ್ಮ ಬಾವಿಯ ನೀರನ್ನು ಅವರಷ್ಟು ಕುಡಿದವರು ಇನ್ನೊಬ್ಬರಿಲ್ಲ. ಹುಡುಗರು ನಗುತ್ತಿದ್ದರು, ಅವರೂ ಕೆಮ್ಮುತ್ತ ನಗುತ್ತಿದ್ದರು. ಕೊನೆಗೊಂದು ಶನಿವಾರ ಅಪ್ಪ, "ಇವತ್ತು ಬುರುಡೆ ಬ್ಯಾಡ, ಮೆಟ್ಲಿಂದ ಹಾರಿ ದಾಟಿ ಸ್ವಾಮಿ" ಎಂದರು. ಸಾಹೇಬರು ಹಾರಲು ನಿಂತರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ, "ಏನ್ ಮ್ಯಾನೇಜರಮ್ಮ, ಅವ್ರಿಗೊಂದು ರೂಲು ನಮಗೊಂದು ರೂಲಾ?" ಎಂದ. ಉಳಿದವರು ಕಿಸಕ್ಕೆಂದರು.

ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಬಾಯಿ ನನ್ನ ಮಾತು ಕೇಳುವುದಿಲ್ಲ. "ಸಾರ್, ರೂಲ್ ಅಂದ್ರೆ ಎಲ್ರಿಗೂ ರೂಲೇ. ಕೊರಳಲ್ಲಿ ಇಟ್ಕೊಂಡು ಹಾರೋ ಹಾಗಿಲ್ಲ" ಎಂದೆ. ಅಪ್ಪ ತಿರುಗಿ ನೋಡಿದರು. ನಾನು ಅವರ ಕಡೆ ನೋಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಗದರಿಸಿ ಹಾರುತ್ತಿದ್ದರು. ಸಾಹೇಬರು ಸರ್ಕಾರಿ ಮನುಷ್ಯ. "ಖರೇ ಅದ. ಆಫೀಸಿನಾಗ ನಾನೂ ಹಿಂಗ ಬೋರ್ಡ್ ಬರಸ್ತೀನಿ" ಎಂದು ಮೆಟ್ಟಿಲ ಮೇಲೆ ಕೂತು ದಾರವನ್ನು ಕೊರಳಿನಿಂದ ಮೇಲಕ್ಕೆ ತೆಗೆದು, ಕರಡಿಗೆಯನ್ನು ನೆತ್ತಿಯ ಮೇಲಿಟ್ಟು, ಬಿಳಿಯ ವಸ್ತ್ರದಿಂದ ತಲೆಗೆ ಸುತ್ತಿ ಬಿಗಿಯಾಗಿ ಕಟ್ಟಿಕೊಂಡರು. ನನಗೂ ಸರಿಯೆನಿಸಿತು. ಒಳ್ಳೆಯ ಉಪಾಯ ಸಾರ್ ಎಂದು ಬೇರೆ ಹೇಳಿದೆ. ಅವರು ಹಾರಿದರು. ಒಂದು ಗಳಿಗೆ ಬಿಟ್ಟು ಮೇಲೆ ಬಂದರು, ಬಾಯಿ ತುಂಬ ನಗು. ಬಿಳಿಯ ವಸ್ತ್ರ ಪಕ್ಕದಲ್ಲಿ ಬಿಚ್ಚಿಕೊಂಡು ತೇಲುತ್ತಿತ್ತು. ಅದರಲ್ಲಿ ಏನೂ ಇರಲಿಲ್ಲ.

ಅಪ್ಪ ಆಗಲೇ ಹಾರಿದರು. ಬಾವಿಯಲ್ಲಿ ಆಗ ಮೂರಾಳಿಗಿಂತ ಹೆಚ್ಚು ನೀರು. ಅಪ್ಪನ ಒಂದು ಕಿವಿ ಆಳಕ್ಕೆ ಮುಳುಗಿ ಮುಳುಗಿ ಕೆಟ್ಟಿತ್ತು, ಮುಳುಗಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ನಾಲ್ಕು ಸಲ ತಳಕ್ಕೆ ಹೋದರು. ನಾಲ್ಕನೆಯ ಸಲ ಬಂದಾಗ ಕಿವಿ ಹಿಡಿದುಕೊಂಡು ಮೆಟ್ಟಿಲಿಗೆ ಒರಗಿದರು. "ಕೆಸರು ಎದ್ಬುಟ್ಟೈತೆ. ಏನೂ ಕಾಣಲ್ಲ" ಎಂದರು. ಹುಡುಗರಲ್ಲಿ ತಳ ಮುಟ್ಟುವಷ್ಟು ಉಸಿರು ಯಾರಿಗೂ ಇರಲಿಲ್ಲ.

ಸಾಹೇಬರು ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತರು. ಅಮ್ಮ ಮನೆಯಿಂದ ಕಾಫಿ ತಂದಳು. ಬೇಡವೆಂದು ಕೈಮುಗಿದರು. ನೀರಾದರೂ ಕುಡಿಯಿರಿ ಎಂದಳು. "ಲಿಂಗ ಕೈಗೆ ಬರೋತನಕ ನೀರೂ ಮುಟ್ಟಂಗಿಲ್ಲ ತಾಯಿ. ನಮ್ಮಲ್ಲಿ ಹಂಗ" ಎಂದರು. ದನಿಯಲ್ಲಿ ಹಟವಿರಲಿಲ್ಲ, ಆಫೀಸಿನ ನಿಯಮ ಹೇಳಿದಂತೆಯೇ ಹೇಳಿದರು. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದರೆ ಬೇರೆ ಕಟ್ಟುವುದಿಲ್ಲವೇ ಎಂದು ಅಪ್ಪ ಮೆಲ್ಲಗೆ ಕೇಳಿದರು. "ಎಲ್ಲಿ ಅದ ಅಂತ ಗೊತ್ತೇ ಇಲ್ಲಂದ್ರ ಕೇಳಬಹುದು. ಇಲ್ಲೇ ಅದ ಅಲ್ಲ, ನನ್ನ ಕಾಲ ಬುಡಕ. ಬಿಟ್ಟು ಹೆಂಗ ಹೋಗಲಿ?" ಎಂದರು.

ಉಳಿದದ್ದು ಪಂಪು. ನೀರೆಲ್ಲ ಎಳೆದು ಹಾಕಿದರೆ ತಳ ಕಾಣುತ್ತದೆ. ಆದರೆ ಶನಿವಾರ ಇಡೀ ಕರೆಂಟಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಹೆಂಡತಿ ಬಂದರು. ಜಗಳವಾಡುತ್ತಾರೆ, ನನ್ನನ್ನು ನಾಲ್ಕು ಬಯ್ಯುತ್ತಾರೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಗಂಡನ ಪಕ್ಕ ಕೂತು, ಸೆರಗಿನಿಂದ ಅವರ ತಲೆಗೆ ಬಿಸಿಲು ಮರೆಮಾಡಿದರು, ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಅವರೂ ಏನೂ ತಿನ್ನಲಿಲ್ಲ.

ಅಮ್ಮ ನನ್ನನ್ನು ಒಳಗೆ ಕರೆದು ತಟ್ಟೆ ಇಟ್ಟಳು. ಇಲ್ಲೊಂದು ನಿಜ ಹೇಳಿಬಿಡುತ್ತೇನೆ. ಊಟ ಸೇರಲಿಲ್ಲ, ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ಹಸಿವಾಗಿತ್ತು. ಎರಡು ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಮಜ್ಜಿಗೆ ಎಲ್ಲ ಉಂಡೆ. ಉಂಡು ಕೈತೊಳೆದು ಹೊರಗೆ ಬಂದರೆ ಅವರು ಇಬ್ಬರೂ ಅದೇ ಮೆಟ್ಟಿಲ ಮೇಲೆ ಹಾಗೇ ಕೂತಿದ್ದರು. ಕಾಲ ಕೆಳಗೆ ಬಾವಿ ತುಂಬ ನೀರು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಆ ರಾತ್ರಿ ಅವರು ಪಂಪ್‌ಹೌಸಿನಲ್ಲೇ ಮಲಗಿದರು. ಭಾನುವಾರ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಸಾಹೇಬರ ತುಟಿ ಒಡೆದಿತ್ತು, ಎದ್ದು ಕೂರಲು ಗೋಡೆ ಹಿಡಿದರು. ಇನ್ನೂ ಒಂದು ದಿನ ಹೀಗೇ ಆದರೆ ಏನು ಗತಿ ಎಂದು ಅಪ್ಪ ಅಮ್ಮನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಎಂಟು ಗಂಟೆಗೆ ಕರೆಂಟು ಬಂತು. ಅಪ್ಪ ಪಂಪು ಹಾಕಿದರು. ನಾಳೆಗೆಂದು ಇಟ್ಟುಕೊಂಡಿದ್ದ ನೀರೆಲ್ಲ ಬೇಕಾದ ಮಡಿಗೂ ಬೇಡದ ಮಡಿಗೂ ಹರಿದು ಹೋಯಿತು. ಆ ವಾರ ಬದನೆ ಗಿಡಗಳು ಕೊಳೆತವು, ಅಪ್ಪ ಅದರ ಮಾತನ್ನೇ ಎತ್ತಲಿಲ್ಲ.

ನೀರು ಇಳಿಯುತ್ತಿದ್ದಂತೆ ಹುಡುಗರು ಇಳಿದು ಕೆಸರು ಬಾಚಿ ಬುಟ್ಟಿಗೆ ತುಂಬತೊಡಗಿದರು. ಹಗ್ಗದಲ್ಲಿ ಮೇಲೆ ಬಂದ ಬುಟ್ಟಿಗಳನ್ನು ಅಮ್ಮ ರಾಗಿ ಜರಡಿಯಲ್ಲಿ ಜಾಲಿಸಿದಳು. ಬೀಗ ಬಂತು, ಲಾಟೀನಿನ ಮುಚ್ಚಳ ಬಂತು, ಯಾರದೋ ಕಾಲ್ಗೆಜ್ಜೆ ಬಂತು. ಆಮೇಲೆ ಒಂದು ತಾಮ್ರದ ಚೊಂಬು ಬಂತು. ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಜ್ಜಿಯ ಮುಂದೆ ಹೋಗಿ ನಿಂತಳು. ಅಮ್ಮ ಮದುವೆಯಾಗಿ ಬಂದ ವರ್ಷ ಕಳೆದುಹೋದ ಚೊಂಬು ಅದು. ಸೊಸೆ ತವರಿಗೆ ಸಾಗಿಸಿದಳು ಎಂದು ಅಜ್ಜಿ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ಅಜ್ಜಿ ಚೊಂಬನ್ನು ತಿರುಗಿಸಿ ಮುರುಗಿಸಿ ನೋಡಿ, ಹುಣಸೆಹಣ್ಣು ತರುತ್ತೇನೆ ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಕರಡಿಗೆ ಮಾತ್ರ ಬರಲಿಲ್ಲ. ಹತ್ತೂವರೆಗೆ ಮತ್ತೆ ಕರೆಂಟು ಹೋಯಿತು. ಆ ಬಾವಿಗೆ ಮೂರು ಒಳ್ಳೆಯ ಊಟೆ, ನೋಡನೋಡುತ್ತ ನೀರು ಏರಿತು. ಸೊಂಟದಷ್ಟಿದ್ದದ್ದು ಒಂದಾಳು ದಾಟಿತು. ಹುಡುಗರು ಇಡೀ ತಳವನ್ನು ತುಳಿದು ರಾಡಿ ಮಾಡಿಟ್ಟಿದ್ದರು, ನೀರು ಕಾಫಿಯ ಬಣ್ಣವಾಗಿತ್ತು. ಆಗ ನನ್ನ ಕಿವಿ ಮತ್ತೆ ಬಿಸಿಯಾಯಿತು. ಈ ಸಲ ಸಿಟ್ಟು ನನ್ನ ಮೇಲೆ. ಒಂದು ದಿನ ಪೂರ್ತಿ ಕೈಕಟ್ಟಿ ನಿಂತಿದ್ದೆನಲ್ಲ, ಮ್ಯಾನೇಜರಂತೆ ಮ್ಯಾನೇಜರು.

"ಎಲ್ರೂ ಮೇಲೆ ಬನ್ರೋ" ಎಂದು ಕೂಗಿದೆ. ಬಂದರು. ಎಲ್ಲರೂ ಚಪ್ಪಲಿ ಮೆಟ್ಟುವ ತನಕ ಕಾದೆ. ಕೆಸರು ತಂಗುವವರೆಗೆ ಯಾರೂ ನೀರು ಮುಟ್ಟಕೂಡದು ಎಂದೆ. ಪಂಪ್‌ಹೌಸಿನಿಂದ ಕರಡಿಗೆಯಷ್ಟೇ ತೂಕದ ಒಂದು ಕಬ್ಬಿಣದ ನಟ್ಟು ಹುಡುಕಿ, ಅದಕ್ಕೆ ಉದ್ದನೆಯ ಬಿಳಿ ಚಿಂದಿ ಕಟ್ಟಿದೆ. ಸಾಹೇಬರು ಹಾರಿದ ಮೆಟ್ಟಿಲು ನನಗೆ ಗೊತ್ತಿತ್ತು. ಅವರು ಎಲ್ಲಿ ಬಿದ್ದರು, ಎಲ್ಲಿ ಮೇಲೆದ್ದರು ಎಂಬುದು ಕಣ್ಣಿಗೆ ಕಟ್ಟಿದಂತಿತ್ತು. ಮುಕ್ಕಾಲು ಗಂಟೆ ಬಿಟ್ಟು ನೀರು ತಿಳಿಯಾದ ಮೇಲೆ ನಟ್ಟನ್ನು ಅವರು ಬಿದ್ದ ಜಾಗಕ್ಕೇ ಎಸೆದೆ. ಅದು ನೆಟ್ಟಗೆ ಇಳಿಯಲಿಲ್ಲ. ತಳದ ಇಳಿಜಾರಿನಲ್ಲಿ ಜಾರಿ, ಮೆಟ್ಟಿಲಿನ ಕಡೆಯ ಗೋಡೆಯ ಬುಡದಲ್ಲಿದ್ದ ಚಪ್ಪಡಿಯ ಸಂದಿಗೆ ಹೋಯಿತು. ಬಿಳಿ ಚಿಂದಿ ಅಲ್ಲಿಂದ ಆಡುತ್ತಿತ್ತು. ಹುಡುಗರು ಬಾಚಿದ್ದು ಬಾವಿಯ ನಡುವನ್ನು.

ಇಳಿಯುವವರು ಯಾರು? ಅಷ್ಟರಲ್ಲಿ ನೀರು ಎರಡಾಳು ಏರಿತ್ತು, ಹುಡುಗರ ಉಸಿರಿಗೆ ಅದು ನಿಲುಕದು. ಅಪ್ಪನ ಕಿವಿಯಿಂದ ನೀರಿನಂತೆ ಏನೋ ಸೋರುತ್ತಿತ್ತು. ಅಪ್ಪ ನನ್ನನ್ನು ನೋಡಿದರು, ಅಜ್ಜಿ ಇದ್ದ ಬಾಗಿಲನ್ನು ನೋಡಿದರು. "ಇಳಿ" ಎಂದರು.

ಲಂಗವನ್ನು ಕಚ್ಚೆಯಂತೆ ಕಟ್ಟಿ, ಕೊರಳಿನ ಸರ ಬಿಚ್ಚಿ, ಚಪ್ಪಲಿಯನ್ನು ಮೇಲಿನ ಮೆಟ್ಟಿಲಿನ ಮೇಲೆ ಬಿಟ್ಟು ಇಳಿದೆ. ಐದು ವರ್ಷದ ಮೇಲೆ ಆ ನೀರು. ಎಂಥ ಹೊತ್ತಿನಲ್ಲಿ ಎಂಥ ಮಾತು ಎನ್ನಬಹುದು, ಆದರೆ ತಲೆ ಮುಳುಗಿದ ಕೂಡಲೇ ನನಗೆ ಸಂತೋಷವಾಯಿತು. ಚಿಂದಿ ಹಿಡಿದು ಕೆಳಗೆ ಹೋದೆ. ಚಪ್ಪಡಿಯ ಸಂದಿಯಲ್ಲಿ ಕೈ ಇಡುವ ಮೊದಲೇ ಕಂಡಿತು. ನಟ್ಟಿನಿಂದ ಒಂದು ಗೇಣು ಆಚೆ, ದಾರ ಸುತ್ತಿಕೊಂಡು, ಬೆಳ್ಳಗೆ.

ಮುಟ್ಟಬೇಕೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಬೇರೆಯವರು ಅವರ ಲಿಂಗವನ್ನು ಮುಟ್ಟಬಾರದು ಎಂದು ಎಲ್ಲೋ ಕೇಳಿದ್ದೆ. ನಿನ್ನೆ ನನ್ನ ಬಾಯಿಂದ ಇಷ್ಟಾಯಿತು, ಇವತ್ತು ಕೈಯಿಂದ ಇನ್ನೊಂದು ಅಪಚಾರ ಬೇಡ ಎನಿಸಿತು. ಹಾಗೇ ಬಿಟ್ಟು ಮೇಲೆ ಬಂದೆ.

"ಇದೆ ಸಾರ್. ನಾನು ಮುಟ್ಟಿಲ್ಲ" ಎಂದೆ. "ನೀವೇ ಬರ್ಬೇಕು. ಬನ್ನಿ, ನಾನು ಕರ್ಕೊಂಡು ಹೋಗ್ತೀನಿ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಒಂದು ಹಗಲು ಒಂದು ರಾತ್ರಿ ಹೊಟ್ಟೆಗೆ ಏನೂ ಬೀಳದ ಮನುಷ್ಯ. ಮೂರು ವಾರದ ಈಜು, ಇದುವರೆಗೆ ಒಮ್ಮೆಯೂ ಬೇಕೆಂದು ಮುಳುಗಿದವರಲ್ಲ. ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಸಾಹೇಬರು ಅವರನ್ನು ನೋಡಿದರು, ನೀರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದರು.

ಅಪ್ಪ ಅವರ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಕೈಗೆ ಸುತ್ತಿಕೊಂಡರು. ನಾನು ಅವರ ಮುಂಗೈ ಹಿಡಿದೆ. "ಉಸಿರು ತಗೊಳ್ಳಿ. ಕಣ್ಣು ಬಿಟ್ಕೊಂಡೇ ಇರಿ. ನನ್ನ ಕೈ ಒತ್ತಿದ್ರೆ ತಕ್ಷಣ ಮೇಲೆ ಬರ್ತೀವಿ" ಎಂದೆ. ಮುಂದೆ ದ್ವೀಪದಲ್ಲಿ ಹೊಸಬರಿಗೆ ನಮ್ಮ ಹುಡುಗರು ಹೇಳುತ್ತಿದ್ದ ಮಾತುಗಳು ಇವೇ, ಇಂಗ್ಲಿಷಿನಲ್ಲಿ. ಮೊದಲ ಸಲ ಅರ್ಧಕ್ಕೇ ಕೈ ಒತ್ತಿದರು, ಮೇಲೆ ಬಂದು ಕೆಮ್ಮಿದರು. ಸಾಕು ಎನ್ನುತ್ತಾರೆ ಅಂದುಕೊಂಡೆ. "ನಡಿ ತಂಗಿ" ಎಂದರು. ಎರಡನೆಯ ಸಲ ಬಿಳಿ ಚಿಂದಿಯನ್ನು ಅವರ ಕೈಗೆ ಕೊಟ್ಟೆ. ಅದನ್ನು ಹಿಡಿದು ಕೆಳಗೆ ಇಳಿದರು, ಕಣ್ಣು ಅಗಲಕ್ಕೆ ಬಿಟ್ಟುಕೊಂಡು. ಸಂದಿಯೊಳಗೆ ಕೈ ಹಾಕಿದರು. ಮೇಲೆ ಬಂದಾಗ ಮುಷ್ಟಿ ಎದೆಗೆ ಒತ್ತಿಕೊಂಡಿತ್ತು, ಹುಡುಗರು ಹಗ್ಗ ಎಳೆದು ಅವರನ್ನು ಮೆಟ್ಟಿಲ ಮೇಲೆ ಕೂರಿಸಿದರು.

ಅವರು ಅಲ್ಲೇ ಕೂತು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದರು. ನಾವೆಲ್ಲ ದೂರ ನಿಂತೆವು. ಮುಗಿದ ಮೇಲೆ ಅಜ್ಜಿ ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿದ್ದ ತಾಮ್ರದ ಚೊಂಬಿನಲ್ಲಿ ನೀರು ತಂದಳು. ಅದನ್ನು ಅಮ್ಮನ ಕೈಗೆ ಕೊಟ್ಟು, "ನೀನೇ ಕೊಡಮ್ಮ" ಎಂದಳು. ಅಜ್ಜಿಯಿಂದ ಅದಕ್ಕಿಂತ ಹೆಚ್ಚಿನ ಕ್ಷಮೆ ಯಾರೂ ನಿರೀಕ್ಷಿಸಿರಲಿಲ್ಲ. ನಾನು ಒದ್ದೆ ಲಂಗದಲ್ಲಿ ನಿಂತಿದ್ದದ್ದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದಳು.

ಸಾಹೇಬರು ಒಂದೊಂದೇ ಗುಟುಕು ಕುಡಿದು ಚೊಂಬು ಹೆಂಡತಿಗೆ ಕೊಟ್ಟರು. ಆಮೇಲೆ ನನ್ನನ್ನು ಹತ್ತಿರ ಕರೆದರು. "ನಿಂದು ಊಟ ಆಗಿತ್ತೇನು ತಂಗಿ? ಉಪವಾಸ ಇದ್ದೇನು?" ಎಂದರು.

ಸುಳ್ಳು ಹೇಳಬಹುದಾಗಿತ್ತು. "ಇಲ್ಲ ಸಾರ್. ನಿನ್ನೆ ಎರಡು ಹೊತ್ತು ಉಂಡೆ. ಇವತ್ತು ಬೆಳಿಗ್ಗೇನೂ ತಿಂದೆ" ಎಂದೆ. ಹೇಳಿದವಳಿಗೆ ಅಳು ಬಂತು. ಎರಡು ದಿನದಿಂದ ಬಾರದ ಅಳು ಎಲ್ಲರ ಎದುರಿಗೆ ಬಂತು. "ನಂದೇ ತಪ್ಪು ಸಾರ್. ರೂಲ್ ರೂಲ್ ಅಂತ ಬಡ್ಕೊಂಡೆ."

"ಉಂಡಿದ್ದು ಛಲೋ ಆತು. ಇಲ್ಲಂದ್ರ ನನ್ನ ಕೈ ಹಿಡಿಯೋವ್ರು ಯಾರಿದ್ರು?" ಎಂದರು.

ಅಷ್ಟು ಹೊತ್ತು ಒಂದು ಮಾತೂ ಆಡದಿದ್ದ ಅವರ ಹೆಂಡತಿ ಆಗ ಬಾಯಿ ತೆರೆದರು. "ಕರಡಿಗಿ ಮುಚ್ಚೇ ಇತ್ತು. ಅದನ್ನ ಹಿಡಕೊಂಡು ಆ ಹುಡುಗಿ ಮ್ಯಾಲ ಬಂದಿದ್ರ ಏನೂ ಆಗತಿರಲಿಲ್ಲ. ಇಂಥಾ ಆಪತ್ತಿನಾಗ ನಡೀತದ. ಹಂಗಂತ ಹೇಳಾಕ ಹೋದೆ, ಇವ್ರು ನನ್ನ ಕಣ್ಣಾಗ ಕಣ್ಣಿಟ್ಟು ಸುಮ್ಮನಿರು ಅಂತ ನೋಡಿದ್ರು."

ನಾನು ಅಳು ನಿಲ್ಲಿಸಿ ಸಾಹೇಬರನ್ನು ನೋಡಿದೆ. ಮೈಯಲ್ಲಿ ಕಸುವಿಲ್ಲದ ಮನುಷ್ಯ, ಪ್ರಾಣದ ಜೊತೆ ಆಟವೇ ಎಂದು ನನಗೆ ಮತ್ತೆ ಕಿವಿ ಬಿಸಿಯಾಯಿತು. "ಗೊತ್ತಿತ್ತಾ ಸಾರ್ ನಿಮ್ಗೆ? ಗೊತ್ತಿದ್ದೂ ಯಾಕೆ ಇಳಿದ್ರಿ?"

ಸಾಹೇಬರು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ದಾರ ಸರಿಮಾಡಿಕೊಳ್ಳುತ್ತಿದ್ದರು. ಸ್ವಲ್ಪ ನಾಚಿಕೆಯಿಂದಲೇ ಹೇಳಿದರು.

"ನೀರಿಗೆ ಹೋಗಬ್ಯಾಡ, ಹೋಗಬ್ಯಾಡ ಅಂತ ಐವತ್ತು ವರ್ಷ ಕೇಳೀನಿ ತಂಗಿ. ನೀವೇ ಬರ್ಬೇಕು ಅಂತ ನೀರಾಗ ನಿಂತು ಕರೆದಾಕಿ ನೀನೊಬ್ಬಾಕಿ. ಒಲ್ಲೆ ಅಂತ ಹೆಂಗ ಅನ್ನಲಿ?"